ಬಾಯಿ ಮುಟ್ಟಿದ ಕೈ

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ 'ತೀರಿಕೊಂಡರು' ಎನ್ನುವ ರೂಢಿಯಿಲ್ಲ. 'ಅವರ ಕೈ ಬಾಯಿ ಮುಟ್ಟಿತು' ಎನ್ನುತ್ತೇವೆ. ಬದುಕಿರುವವರ ಕೈ ಇಲ್ಲಿ ತಮ್ಮ ಬಾಯಿ ಮುಟ್ಟುವುದಿಲ್ಲವಲ್ಲ. ತುತ್ತು ಹಿಡಿದು ಎತ್ತಿದರೆ ತುಟಿಗೆ ನಾಲ್ಕು ಬೆರಳು ದೂರದಲ್ಲಿ ನಿಂತುಬಿಡುತ್ತದೆ. ನೂಕಿದರೂ ಅಷ್ಟೇ, ಬೈದರೂ ಅಷ್ಟೇ. ಉದ್ದನೆಯ ಚಮಚ ಮಾಡಿಸಿ ನೋಡಿದ ಜಾಣರೂ ನಮ್ಮಲ್ಲಿದ್ದರು. ಚಮಚದ ತುದಿಯೂ ಅದೇ ನಾಲ್ಕು ಬೆರಳು ದೂರದಲ್ಲಿ ನಿಂತಿತಂತೆ. ಹಾಗಾಗಿ ಇಲ್ಲಿ ಪ್ರತಿಯೊಬ್ಬರಿಗೂ ಇನ್ನೊಬ್ಬರು ಉಣಿಸಬೇಕು. ರೊಟ್ಟಿ, ನೀರು, ಚಹಾ, ಎಲೆ ಅಡಿಕೆ, ಗುಳಿಗೆ, ಕೊನೆಗೆ ಬೀಡಿ ಕೂಡ. ನಮಗೆ ಉಣಿಸುವವರನ್ನು ನಾವು 'ಕೈ' ಎಂದೇ ಕರೆಯುತ್ತೇವೆ. ಹೊಸಬರ ಪರಿಚಯವಾದರೆ ಮೊದಲು ಕೇಳುವುದು 'ನಿಮ್ಮ ಕೈ ಯಾರು' ಎಂದು. ಗಂಡ ಹೆಂಡತಿ ಎಷ್ಟೇ ಜಗಳವಾಡಿದರೂ ಊಟದ ಹೊತ್ತಿಗೆ ರಾಜಿಯಾಗಲೇಬೇಕು. ಹಸಿವಿನಷ್ಟು ಒಳ್ಳೆಯ ಪಂಚನನ್ನು ನಾನಂತೂ ಕಂಡಿಲ್ಲ.

ಯಾರಾದರೂ ಮಾತಿಲ್ಲದೆ ಬಿದ್ದುಕೊಂಡಿದ್ದರೆ ಹಿರಿಯರೊಬ್ಬರು ಹೋಗಿ ಅವರ ಕೈ ಎತ್ತಿ ಅವರ ಬಾಯಿಯ ಹತ್ತಿರ ತರುತ್ತಾರೆ. ಕೈ ತಡೆದು ನಿಂತರೆ ಜೀವ ಇದೆ ಎಂದು ಲೆಕ್ಕ. ತಡೆಯದೆ ತುಟಿ ಮುಟ್ಟಿತೋ, ಹೊರಗೆ ಕುಳಿತವರು ಅಳಲು ಶುರುಮಾಡುತ್ತಾರೆ. ಈ ಪರೀಕ್ಷೆ ಒಮ್ಮೆಯೂ ತಪ್ಪಿದ್ದಿಲ್ಲ ಎನ್ನುವುದು ನಮ್ಮೂರಿನ ಹೆಮ್ಮೆ. ಅದು ತಪ್ಪಿದ್ದು ನನ್ನ ಮನೆಯವರ ವಿಷಯದಲ್ಲಿ.

ನನ್ನ ಹೆಸರು ನೀಲಗಂಗವ್ವ. ಬಳೆಗಾರ್ತಿ. ಮದುವೆ, ಬಸುರಿಯರ ಕುಬಸ, ತೊಟ್ಟಿಲು, ಯಾವ ಮನೆಯಲ್ಲಿ ಏನೇ ಇದ್ದರೂ ಹೆಣ್ಣುಮಕ್ಕಳ ಕೈಗೆ ಬಳೆ ತೊಡಿಸುವುದು ನಾನೇ. ಎಂಥ ಬಿರುಸಾದ ಕೈಯನ್ನೂ ಹಿಚುಕಿ, ಸವರಿ, ಮಾತಿನಲ್ಲಿ ಮೈಮರೆಸಿ, ಒಂದು ಬಳೆ ಒಡೆಯದಂತೆ ಏರಿಸಬಲ್ಲೆ. ಇದನ್ನು ಜಂಬ ಎನ್ನುವವರು ಎನ್ನಲಿ. ನಮ್ಮವರು ಚನ್ನವೀರಪ್ಪ, ಹಿಟ್ಟಿನ ಗಿರಣಿ ನಡೆಸುತ್ತಾರೆ. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು. ನಾನು ಅವರ ಕೈ, ಅವರು ನನ್ನ ಕೈ. ಜೊತೆಗೆ ಅವರು ತಮ್ಮ ಅಕ್ಕ ದ್ಯಾಮವ್ವನಿಗೂ ಕೈ. ಆಕೆ ಪಕ್ಕದ ಮನೆಯಲ್ಲೇ ಇರುವ ವಿಧವೆ. ತಾಯಿ ಇಲ್ಲದ ತಮ್ಮನನ್ನು ಸಾಕಿ ಉಣಿಸಿ ದೊಡ್ಡವನನ್ನಾಗಿ ಮಾಡಿದವಳು. ಗಂಡ ಹೋದ ಮೇಲೆ ತಮ್ಮನ ಕೈಯೊಂದನ್ನು ಬಿಟ್ಟು ಯಾರ ಕೈಯಿಂದಲೂ ಆಕೆ ಉಂಡವಳಲ್ಲ. ನನ್ನ ಕೈ ಎಂದರೆ ಮೂಗು ಮುರಿಯುತ್ತಿದ್ದಳು. ನನ್ನ ರೊಟ್ಟಿ ದಪ್ಪವಂತೆ.

ನಮ್ಮವರಿಗೆ ರಕ್ತದೊತ್ತಡ ಇತ್ತು, ಸಕ್ಕರೆ ಕಾಯಿಲೆಯೂ ಇತ್ತು. ಗುಳಿಗೆಯನ್ನು ನಾನೇ ನಾಲಿಗೆಯ ಮೇಲೆ ಇಡುತ್ತಿದ್ದೆ, ನೀರನ್ನೂ ಕುಡಿಸುತ್ತಿದ್ದೆ. ಅವರು ಅದನ್ನು ದವಡೆಯಲ್ಲಿ ಅಡಗಿಸಿಟ್ಟುಕೊಂಡು ಗಿರಣಿಗೆ ಹೋಗಿ ಉಗುಳುತ್ತಿದ್ದರೆಂದು ನನಗೆ ಗೊತ್ತಾದದ್ದು ಆಮೇಲೆ. ಗಿರಣಿಯ ಹಿಂದೆ ಗುಡಿಸುವವಳು ಗುಳಿಗೆ ಕಂಡು ಇಲಿ ಪಾಷಾಣವೆಂದು ತಿಳಿದಿದ್ದಳಂತೆ.

ಅವತ್ತು ನಾನು ಕೆಳಗಿನ ಓಣಿಯಲ್ಲಿ ಕುಬಸದ ಮನೆಗೆ ಹಸಿರು ಬಳೆ ತೊಡಿಸಲು ಹೋಗಿದ್ದೆ. ಇವರು ಬೆಳಿಗ್ಗೆ ಗಿರಣಿಯಿಂದ ಎದ್ದು ಮೋದಿನಸಾಬರ ಚಹಾದಂಗಡಿಗೆ ಹೋಗಿದ್ದಾರೆ. ನಮ್ಮೂರಲ್ಲಿ ಚಹಾದಂಗಡಿ ನಡೆಸುವುದು ಎಲ್ಲರಿಂದ ಆಗುವ ಕೆಲಸವಲ್ಲ. ಒಬ್ಬೊಬ್ಬರ ಗುಟುಕು ಒಂದೊಂದು ಥರ. ಮೋದಿನಸಾಬರು ಮಾತಾಡುತ್ತಲೇ ಸಾಲಾಗಿ ಕುಳಿತವರ ಬಾಯಿಗೆ ಬಸಿಯಿಂದ ಚಹಾ ಬಿಡುತ್ತಾ ಹೋಗುವರು, ಒಂದು ಹನಿ ಕೆಳಗೆ ಬೀಳದು. ಅವತ್ತು ನಮ್ಮವರ ಬಾಯಿಗೆ ಬಿಟ್ಟ ಚಹಾ ಬಲಗಡೆಯಿಂದ ಸೋರಿ ಅಂಗಿಯ ಮೇಲೆ ಇಳಿಯಿತು. ಇನ್ನೊಂದು ಗುಟುಕು ಬಿಟ್ಟರು, ಅದೂ ಸೋರಿತು.

ಬೇರೆ ಊರಿನಲ್ಲಾಗಿದ್ದರೆ ಕುಡಿಯುವವನ ಬಾಯಿಗೆ ಏನಾಯಿತು ಎಂದು ನೋಡುತ್ತಿದ್ದರೇನೋ. ನಮ್ಮೂರಿನಲ್ಲಿ ಚಹಾ ಚೆಲ್ಲಿದರೆ ತಪ್ಪು ಕುಡಿಸಿದವನದೇ. ಅಲ್ಲಿದ್ದ ಅಷ್ಟೂ ಜನ ಮೋದಿನಸಾಬರ ಮೇಲೆ ಬಿದ್ದರು.

"ಏನ್ ಸಾಬ್ರ, ಕಣ್ಣು ಎಲ್ಲಿ ಇಟ್ಟೀರಿ? ಹಿರೇರ ಅಂಗಿ ಹೊಲಸು ಮಾಡಿದ್ರಲ್ಲ!"

"ನನ್ನ ಕೈ ನಡಗಿಲ್ಲಪಾ, ಖರೇ ಹೇಳ್ತೀನಿ."

"ನಡಗೂದ ಈಗ ನಮಗೂ ಕಾಣಾಕತ್ತೈತಿ. ವಯಸ್ಸಾತು, ಮಗನ ಕೈಗೆ ಕೊಡ್ರಿ ಅಂಗಡಿ."

ಮೂವತ್ತು ವರ್ಷದ ಹೆಸರು ಒಂದು ಬಸಿ ಚಹಾದಲ್ಲಿ ಹೋಯಿತೆಂದು ಸಾಬರು ಕಣ್ಣೀರು ಹಾಕಿದರು. ಅವರನ್ನು ಬೈಯುವವರು ಬೈದರು, ಸಮಾಧಾನ ಮಾಡುವವರು ಮಾಡಿದರು. ಈ ಗದ್ದಲದಲ್ಲಿ ನಮ್ಮವರು ಏನೋ ಹೇಳಲು ಹೋದರಂತೆ, ಮಾತು ತೊದಲಿತಂತೆ. ಸಿಟ್ಟಿಗೆ ಬಾಯಿ ಕಟ್ಟಿದೆ ಎಂದುಕೊಂಡರು. ಒಬ್ಬರು ಹೆಗಲು ಕೊಟ್ಟು ಮನೆಗೆ ತಂದು ಮಲಗಿಸಿದರು. ದ್ಯಾಮವ್ವ ಬಂದು ನೋಡಿ, ಮಲಗಿದ್ದಾನೆ, ಮಲಗಲಿ ಎಂದು ಕದ ಮುಂದೆ ಮಾಡಿದಳು. ಊಟಕ್ಕೆ ತಮ್ಮ ಏಳದಿದ್ದಾಗ ಆಕೆಯೂ ಉಪವಾಸ ಕುಳಿತಳು, ಎಬ್ಬಿಸಲಿಲ್ಲ. ನಾನು ಸಂಜೆ ಬಳೆ ಮಲಾರ ಹೊತ್ತು ಬಂದಾಗ ಅವರ ಮುಖದ ಒಂದು ಪಾಲು ಜಾರಿತ್ತು. ಬಲಗೈ ಹಿಡಿದೆ. ನನಗೆ ಕೈಗಳ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಎಷ್ಟೇ ಮೆದು ಕೈಯಾದರೂ ಹಿಡಿದಾಗ ಒಂದಿಷ್ಟು ಎದುರು ಬರುತ್ತದೆ. ಈ ಕೈ ಬರಲಿಲ್ಲ. ಆಟೋ ತರಿಸಿ, ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ.

ನಮ್ಮೂರಿನ ಆಸ್ಪತ್ರೆ ಸಣ್ಣದಾದರೂ ಸ್ಕ್ಯಾನಿಂಗ್ ಯಂತ್ರ ಇದೆ, ಡಾಕ್ಟರ್ ಶ್ಯಾಮಲಾ ಇದ್ದಾರೆ. ಹೊರಗಿನಿಂದ ಬಂದವರು. ಬಂದ ಮೊದಲ ದಿನ ಬಿಸ್ಕತ್ತು ಹಿಡಿದ ತಮ್ಮ ಕೈ ಗಾಳಿಯಲ್ಲಿ ನಿಂತದ್ದನ್ನು ಕಂಡು, ನರದ ಕಾಯಿಲೆ ಬಂತೆಂದು ತಮಗೆ ತಾವೇ ಪರೀಕ್ಷೆ ಮಾಡಿಕೊಂಡರಂತೆ. ಈಗ ನರ್ಸ್ ಶಿವಲೀಲಾ ಅವರ ಕೈ. ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ನಾಡಿ ಹಿಡಿದು, ಎದೆ ಕೇಳಿ, ರಕ್ತ ತೆಗೆದು, ನನ್ನನ್ನು ಪಕ್ಕಕ್ಕೆ ಕರೆದರು.

"ಮೆದುಳಿಗೆ ಹೋಗೋ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ನೀಲಗಂಗಮ್ಮ. ಲಕ್ವಾ. ಅದನ್ನ ಕರಗಿಸೋ ಇಂಜೆಕ್ಷನ್ ಇದೆ, ಆದ್ರೆ ಅದನ್ನ ಕೊಡೋ ಹೊತ್ತು ಮೀರಿದೆ. ಬೆಳಿಗ್ಗೆನೇ ಕರಕೊಂಡು ಬಂದಿದ್ರೆ..."

"ಬೆಳಿಗ್ಗೆ ಊರೆಲ್ಲ ಸಾಬ್ರನ್ನ ಬೈಯೂದ್ರಾಗ ಇತ್ರಿ," ಎಂದೆ. "ಮುಂದಿಂದು ಹೇಳ್ರಿ. ಇವರು ಸಾಯ್ತಾರೇನು?"

ನೇರವಾಗಿ ಕೇಳಿದರೆ ಡಾಕ್ಟರು ನೇರವಾಗಿ ಹೇಳುತ್ತಾರೆ. ಇದು ಅವರಲ್ಲಿ ನಾನು ಮೆಚ್ಚಿದ ಗುಣ. ಲಕ್ವಾ ಹೊಡೆದ ಮೊದಲ ಕೆಲವು ದಿನಗಳಲ್ಲೇ ಹೋಗಿಬಿಡುವವರು ಇದ್ದಾರೆ, ಯಾರು ಹೋಗುತ್ತಾರೆ ಎಂಬುದಕ್ಕೆ ಕೆಲವು ಗುರುತುಗಳಿವೆ ಎಂದರು. ವಯಸ್ಸು ಹೆಚ್ಚಿರುವುದು. ಪೆಟ್ಟು ದೊಡ್ಡದಿರುವುದು. ಎಚ್ಚರ ಮಂಕಾಗಿರುವುದು. ಸಕ್ಕರೆ ಏರಿರುವುದು. ಹೃದಯದ ಬಡಿತ ತಾಳ ತಪ್ಪಿರುವುದು, ಆ ಹೆಪ್ಪು ಹುಟ್ಟಿದ್ದೂ ಬಹುಶಃ ಅಲ್ಲಿಂದಲೇ. ಇವರಲ್ಲಿ ಎಲ್ಲವೂ ಇಷ್ಟಿಷ್ಟು ಇವೆ. ಇವುಗಳಿಗೆ ತಾವು ಔಷಧಿ ಕೊಡಬಹುದು, ಕಾಯಬಹುದು.

"ಇನ್ನೊಂದು ಇದೆ. ಗಂಟಲು. ಅದು ಪೂರ್ತಿ ನಿಮ್ಮ ಕೈಲಿದೆ," ಎಂದು ಒಂದು ಚಮಚ ನೀರು ತಂದರು. ಇವರನ್ನು ಎತ್ತಿ ಕೂರಿಸಿ ಬಾಯಿಗೆ ಬಿಟ್ಟರು. ಇವರು ಕೆಮ್ಮಿದರು, ನೀರಿನೊಳಗಿಂದ ಬಂದಂತೆ ಗೊರಗೊರ ದನಿ ಬಂತು. "ನೋಡಿದ್ರಾ? ನುಂಗೋದು ಮರೆತಿದೆ ಗಂಟಲು. ಏನು ಕೊಟ್ಟರೂ ಹೊಟ್ಟೆ ಬಿಟ್ಟು ಶ್ವಾಸಕೋಶಕ್ಕೆ ಇಳಿಯುತ್ತೆ. ಅಲ್ಲಿ ಕೀವಾಗಿ ಜ್ವರ ಬಂದ್ರೆ ಉಳಿಸೋದು ಕಷ್ಟ. ಲಕ್ವಾದಿಂದ ಉಳಿದು ಒಂದು ಲೋಟ ಹಾಲಿಂದ ಸತ್ತವರನ್ನ ನಾನು ನೋಡಿದ್ದೀನಿ. ನಾನು ಹೇಳೋ ತನಕ ಬಾಯಿಗೆ ಒಂದು ಹನಿ ಬೀಳಬಾರದು. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕ್ತೀನಿ, ಊಟ ಅದರಲ್ಲಿ."

ಉಣಿಸದೆ ಕಾಪಾಡಬೇಕು ಎಂಬ ಮಾತು ನಮ್ಮೂರಿನ ಯಾವ ತಲೆಯಲ್ಲಿ ಇಳಿಯಬೇಕು? ಆದರೆ ಆ ಗೊರಗೊರ ದನಿಯನ್ನು ನನ್ನ ಕಿವಿಯೇ ಕೇಳಿತ್ತು. "ಬೀಳಂಗಿಲ್ಲ ಬಿಡ್ರಿ. ಬಾಗಲಾಗ ನಾ ಕುಂಡ್ರತೀನಿ," ಎಂದೆ. ಕುಳಿತೆ ಕೂಡ. ಹೊತ್ತುಹೊತ್ತಿಗೆ ಶಿವಲೀಲಾ ಬಂದು ನನಗೆ ಎರಡು ತುತ್ತು ಉಣಿಸಿ ಹೋಗುತ್ತಿದ್ದಳು.

ಮರುದಿನ ಬೆಳಗಾಗುತ್ತಲೇ ಊರು ಬಂತು. ಬಂದವರೆಲ್ಲರ ಕೈಯಲ್ಲೂ ಡಬ್ಬಿ. ಗಂಜಿ, ಹಾಲು, ಶಾವಿಗೆ ಪಾಯಸ, ಒಬ್ಬಾಕೆಯಂತೂ ಎಣ್ಣೆಗಾಯಿ. ನಮ್ಮಲ್ಲಿ ರೋಗಿಯನ್ನು ನೋಡಲು ಬಂದವರು ಒಂದು ತುತ್ತಾದರೂ ಉಣಿಸದೆ ಹೋದರೆ ಅದು ಬಂದ ಹಾಗಲ್ಲ. ನಾನು ಎಲ್ಲರನ್ನೂ ಬಾಗಿಲಲ್ಲೇ ತಡೆದೆ. "ನಿಮ್ಮ ಪ್ರೀತಿ ಡಬ್ಬಿಯಾಗ ಇರಲಿ, ಮುಚ್ಚಿ ಒಯ್ಯರಿ," ಎಂದೆ. ಬೈಸಿಕೊಂಡೆ. ಬೈಯುವುದರಲ್ಲಿ ನಾನೇನೂ ಹಿಂದೆ ಬೀಳಲಿಲ್ಲ. ಒಳಗೆ ಡಾಕ್ಟರು ಹೇಳಿದಂತೆ ತಲೆದಿಂಬು ಎತ್ತರ ಮಾಡಿ, ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಚೊಕ್ಕ ಮಾಡಿ, ಮಗ್ಗುಲು ಬದಲಿಸಿ, ನಳಿಗೆಯಲ್ಲಿ ತಿಳಿಯಾದ ಗಂಜಿ ಬಿಡುತ್ತಿದ್ದೆ. ಅದನ್ನು ಉಣಿಸುವುದು ಎಂದು ಯಾರೂ ಒಪ್ಪಲಿಲ್ಲ. "ಮೂಗಿನ್ಯಾಗ ಹಾಕೂದು ಊಟೇನವ್ವಾ? ಗಿಡಕ್ಕ ನೀರು ಬಿಟ್ಟಂಗ ಆತು," ಎಂದಳು ದ್ಯಾಮವ್ವ.

ಆಕೆಯನ್ನು ತಡೆಯಲು ನನಗೆ ಅಧಿಕಾರವಿರಲಿಲ್ಲ. ಒಳಗೆ ಬಿಟ್ಟಿದ್ದೆ, ಸೆರಗು ಝಾಡಿಸಿ ನೋಡಿ. ಅದೇ ಹೊತ್ತಿಗೆ ಡಾಕ್ಟರು ಬಂದು ಇವರ ಕೈಕಾಲಿನ ಕೀಲುಗಳು ಬಿಗಿಯದಿರಲಿ ಎಂದು ಒಂದೊಂದಾಗಿ ಮಡಚಿ ಬಿಡಿಸಿದರು. ಬಲಗೈ ಹಿಡಿದು ಮೊಣಕೈ ಮಡಚಿದರು. ಕೈ ಮೇಲೆ ಬಂತು. ಇನ್ನೂ ಮೇಲೆ ಬಂತು. ನಾಲ್ಕು ಬೆರಳು ದೂರದಲ್ಲಿ ನಿಲ್ಲಲಿಲ್ಲ. ಬೆರಳುಗಳು ಹೋಗಿ ತುಟಿಯ ಮೇಲೆ ಬಿದ್ದವು.

ನಾನು ಹುಟ್ಟಿದಂದಿನಿಂದ ಉಸಿರಾಡುವ ಮನುಷ್ಯನ ಕೈ ಅವನ ತುಟಿಯ ಮೇಲೆ ಇದ್ದದ್ದನ್ನು ಕಂಡಿರಲಿಲ್ಲ. ದ್ಯಾಮವ್ವ ಎದೆ ಬಡಿದುಕೊಂಡಳು.

"ಅಯ್ಯೋ ನನ್ನ ತಮ್ಮಾ! ಕೈ ಬಾಯಿ ಮುಟ್ತಲ್ಲೋ!"

"ಯಕ್ಕಾ, ಎದಿ ನೋಡು. ಏರಿಳೀತೈತಿ. ಉಸರಾಡಾಕತ್ತಾರ."

"ಎದಿ ಏರಿದ್ರ ಏನಾತು? ಕೈ ಹೋಗೈತಿ. ಉಳದದ್ದು ಹಿಂದಿಂದ ಹೊಂಟೈತಿ. ಹೊಟ್ಟಿ ಹಸಗೊಂಡು ಹೊಂಟಾನವ್ವಾ ನನ್ನ ಕೂಸು. ಒಂದು ಗುಟುಕು ಹಾಲು ಬಿಡಾಕ ಬಿಡು, ನಿನ್ನ ಕಾಲಿಗೆ ಬೀಳ್ತೀನಿ."

ಅತ್ತೆಯ ಸ್ಥಾನದಲ್ಲಿರುವ ಗಂಡನ ಅಕ್ಕ ಕಾಲಿಗೆ ಬೀಳುತ್ತೇನೆ ಎಂದಾಗ ಯಾವಳಿಗಾದರೂ ಕರುಳು ಚುರ್ ಎನ್ನುತ್ತದೆ. ನನಗೂ ಎಂದಿತು. ಆದರೂ ರಟ್ಟೆ ಹಿಡಿದು ಹೊರಗೆ ಕರೆತಂದೆ. ಆಕೆ ಆಸ್ಪತ್ರೆಯ ಅಂಗಳದಲ್ಲಿ ನಿಂತು ಊರಿಗೆಲ್ಲ ಹೇಳಿದಳು. ಅಂದಿನಿಂದ ಜನ ನಮ್ಮವರ ಬಗ್ಗೆ ಹೋದವರ ಮಾತು ಆಡತೊಡಗಿದರು. ಚನ್ನವೀರಪ್ಪ ಒಳ್ಳೆಯವನಿದ್ದ, ಹಿಟ್ಟು ನುಣ್ಣಗೆ ಬೀಸುತ್ತಿದ್ದ. ಹೀಗೆ ನನ್ನೆದುರೇ ಹೇಳಿದವನಿಗೆ, "ಅವರಿನ್ನೂ ಅದಾರ. ನಿನ್ನ ಜೋಳದ ಚೀಲ ಗಿರಣ್ಯಾಗ ಹಂಗ ಬಿದ್ದೈತಿ, ಬೀಸಿಸಿಗೊಂಡ ಹೋಗ್ತಿ," ಎಂದು ಹೇಳಿ ಕಳಿಸಿದೆ.

ಊರಿನ ಸಿಟ್ಟು ನನ್ನ ಮೇಲೆ ತೀರಲಿಲ್ಲ. ನನ್ನ ಬಾಯಿಗೆ ಹೆದರುತ್ತಾರೆ. ಅದು ಡಾಕ್ಟರ ಮೇಲೆ ತಿರುಗಿತು. ಊಟ ಬೇಡವೆಂದು ಹೇಳಿದವರಿಗೆ ಊಟ ಯಾಕೆ ಎಂದು ಯಾರೋ ಕೇಳಿದರು, ಎಲ್ಲರಿಗೂ ಅದು ಸರಿ ಎನಿಸಿತು. ನರ್ಸ್ ಶಿವಲೀಲಾಳ ಅತ್ತೆ, ಆ ಡಾಕ್ಟರಿಗೆ ತುತ್ತು ಕೊಟ್ಟರೆ ಈ ಮನೆಯಲ್ಲಿ ನಿನಗೆ ತುತ್ತಿಲ್ಲ ಎಂದುಬಿಟ್ಟಳು. ಪಾಪ ಆ ಹುಡುಗಿ ಅಳುತ್ತಾ ಕೆಲಸ ಮಾಡುತ್ತಿತ್ತು. ಡಾಕ್ಟರು ಒಂದು ಹಗಲು ಪೂರ್ತಿ ನೀರೂ ಇಲ್ಲದೆ ರೋಗಿಗಳನ್ನು ನೋಡಿದರು, ಯಾರಿಗೂ ಹೇಳಲಿಲ್ಲ. ಇವರ ನಾಡಿ ಹಿಡಿದಾಗ ಅವರ ಬೆರಳು ನಡುಗಿದ್ದು ಕಂಡು ನನಗೆ ತಿಳಿಯಿತು.

"ಡಾಕ್ಟರ್ ಬಾಯಾರ, ಉಂಡೀರೇನು?"

"ನನ್ನದಿರಲಿ ಬಿಡಿ."

"ನಿಮ್ಮದ ಇರಲಿ ಅಂತ ಬಿಟ್ರ ಇವರನ್ನ ನೋಡೋರು ಯಾರು? ನಡೀರಿ."

ಅವರ ಕೋಣೆ ಆಸ್ಪತ್ರೆಯ ಹಿಂದೆಯೇ ಇದೆ. ಅಲ್ಲಿ ಕೂರಿಸಿ ರೊಟ್ಟಿ ಪಲ್ಯ ಉಣಿಸಿದೆ. ಡಾಕ್ಟರಾದರೂ ಹಸಿದ ಹುಡುಗಿಯೇ, ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದರು. ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದು ಉಣಿಸಿ, ಮಜ್ಜಿಗೆ ಕುಡಿಸಿ ವಾಪಸು ಬಂದೆ. ದ್ಯಾಮವ್ವ ಇವರ ಮಂಚದ ಮೇಲೆ ಕುಳಿತಿದ್ದಳು. ಕೈಯಲ್ಲಿ ಖಾಲಿ ಬಟ್ಟಲು. ಇವರ ಗಲ್ಲದ ಮೇಲೆ ಹಾಲಿನ ಗೆರೆ. ಆಕೆಯ ಮುಖದ ಮೇಲೆ ನೆಮ್ಮದಿ ಇತ್ತು. ನಾನು ಡಾಕ್ಟರನ್ನು ಕೂಗಿದೆ.

"ಉಂಡ ನೋಡವ್ವಾ. ನನ್ನ ಕೈಲೆ ಉಂಡ," ಎಂದಳು.

ಇವರು ಕೆಮ್ಮುತ್ತಿರಲಿಲ್ಲ. ಕೆಮ್ಮುವ ಶಕ್ತಿಯೂ ಇರಲಿಲ್ಲ ಎಂದು ಡಾಕ್ಟರು ಓಡಿಬಂದು ಹೇಳಿದರು. ಯಂತ್ರ ತಂದು ಗಂಟಲಿನಿಂದ ಹಾಲು ಎಳೆದು ತೆಗೆದರು. ಇಳಿದದ್ದು ಇಳಿದೇ ಹೋಗಿತ್ತು. ಮರುದಿನ ಜ್ವರ ಬಂತು. ಮೈ ಸುಡುತ್ತಿತ್ತು, ಉಸಿರು ಓಡಿಬಂದವರ ಹಾಗೆ ಆಡುತ್ತಿತ್ತು, ಎದೆಯಲ್ಲಿ ಗೊರಗೊರ. ಡಾಕ್ಟರು ಆಕ್ಸಿಜನ್ ಹಾಕಿದರು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ನಾನು ಏನಾಗುತ್ತದೆ ಎಂದು ಕೇಳಲಿಲ್ಲ. ನೇರವಾಗಿ ಕೇಳಿದರೆ ನೇರವಾಗಿ ಹೇಳುತ್ತಾರಲ್ಲ, ಅದಕ್ಕೇ. ನನಗೆ ಹೆದರಿಕೆಯಾಗಿತ್ತು. ಇದುವರೆಗೆ ಬಾಗಿಲಲ್ಲಿ ಕುಳಿತು ಊರನ್ನೆಲ್ಲ ಎದುರಿಸಿದ ನನಗೆ, ಈ ಮನುಷ್ಯ ಇಲ್ಲದ ಮನೆಯಲ್ಲಿ ಯಾರ ಎದುರು ಬಾಯಿ ತೆರೆದು ಕುಳಿತುಕೊಳ್ಳಲಿ ಎಂಬ ಯೋಚನೆ ಬಂದಾಗ ಗೋಡೆಗೆ ಮುಖ ಮಾಡಿ ಅತ್ತೆ.

ಅತ್ತಾದ ಮೇಲೆ ಹೊರಗೆ ಹೋದೆ. ದ್ಯಾಮವ್ವ ಮೆಟ್ಟಿಲ ಮೇಲೆ ಮುದುಡಿ ಕುಳಿತಿದ್ದಳು. ಬಾಯಿಗೆ ಬಂದದ್ದೆಲ್ಲ ಅಂದೆ. ಆಕೆ ಕೊನೆಗೆ ತಲೆ ಎತ್ತಿ ಕೇಳಿದಳು.

"ನೀಲಾ, ನಾ ಕೊಂದನೇನ ಅವನ್ನ?"

ಆಗ ಆಕೆಯ ಮುಖ ಸರಿಯಾಗಿ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ತುಟಿ ಒಡೆದಿತ್ತು. ತಮ್ಮ ಬಿದ್ದಂದಿನಿಂದ ಆಕೆಗೆ ಉಣಿಸಿದವರು ಯಾರು? ಅವನ ಕೈ ಬಿಟ್ಟು ಬೇರೆ ಕೈ ಬೇಡವೆನ್ನುವವಳು. ಯಾರೋ ಪುಣ್ಯಾತ್ಮರು ಹಿಡಿದು ನೀರು ಕುಡಿಸಿದ್ದರಂತೆ, ಅಷ್ಟೇ. ತನ್ನ ಹೊಟ್ಟೆ ಉರಿಯುವಾಗ ಆಕೆ ಆ ಹಾಲನ್ನು ತಂದಿದ್ದಳು. ನನ್ನ ಸಿಟ್ಟು ಹೋಯಿತು ಎಂದು ಹೇಳಲಾರೆ, ಆದರೆ ಕೂತುಕೊಂಡಿತು.

"ಇನ್ನೂ ಇಲ್ಲ," ಎಂದೆ. "ಈಗ ಎದ್ದು ಬಂದು ಬಾಗಲಾಗ ಕುಂಡ್ರು. ನಾ ಒಳಗ ಇರ್ತೀನಿ. ಯಾರನ್ನೂ ಬಿಡಬ್ಯಾಡ, ಊರ ಗೌಡ ಬಂದ್ರೂ ಬಿಡಬ್ಯಾಡ. ಮೊದಲ ಇದನ್ನ ತಿನ್ನು. ಬಾಯಿ ತೆಗಿ."

"ನನಗ ಬ್ಯಾಡ."

"ನೀ ಬಿದ್ರ ಬಾಗಲ ಕಾಯೋರು ಯಾರು? ರೊಟ್ಟಿ ದಪ್ಪ ಐತಿ, ನನಗ ಗೊತ್ತೈತಿ. ತೆಗಿ ಬಾಯಿ."

ಆಕೆ ಬಾಯಿ ತೆರೆದಳು. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣಿಸಿದೆ. ಅಳುತ್ತಲೇ ನುಂಗಿದಳು, ಆಮೇಲೆ ನನಗೂ ಉಣಿಸಿದಳು. ಅಂದಿನಿಂದ ಆ ಬಾಗಿಲಿನಲ್ಲಿ ಇರುವೆಯೂ ನುಸುಳಲಿಲ್ಲ. ಪಾಯಸದ ಡಬ್ಬಿ ತಂದವರನ್ನು ಆಕೆ ಬೈದ ಬೈಗುಳ ಕೇಳಿ, ಈ ವಿದ್ಯೆಯಲ್ಲಿ ನಾನಿನ್ನೂ ಕಲಿಯುವುದಿದೆ ಎನಿಸಿತು. ತಾನೇ ಹಾಲು ಕುಡಿಸಿ ಜ್ವರ ಬರಿಸಿದೆ ಎಂದು ಬಂದವರಿಗೆಲ್ಲ ಗಟ್ಟಿಯಾಗಿ ಹೇಳುತ್ತಿದ್ದಳು. ಅದನ್ನು ಕೇಳಿ ಶಿವಲೀಲಾಳ ಅತ್ತೆ ತಾನೇ ಡಬ್ಬಿ ಹಿಡಿದು ಡಾಕ್ಟರ ಕೋಣೆಗೆ ಹೋದಳು. ನಾನೂ ಒಂದು ದಿನ ಮೋದಿನಸಾಬರ ಅಂಗಡಿಗೆ ಹೋಗಿ, ಎಲ್ಲರೆದುರು, "ನಿಮ್ಮ ಕೈ ನಡಗಿಲ್ಲ ಸಾಬ್ರ, ನಮ್ಮನಿಯವರ ಬಾಯಿ ಜಾರಿತ್ತು. ಇನ್ನು ಮ್ಯಾಲ ಯಾರದರ ಬಾಯಿಂದ ಒಂದ ಬಾಜೂ ಚಹಾ ಸೋರಿದ್ರ ಬಸಿ ಅಲ್ಲೇ ಒಗದು ದವಾಖಾನಿಗೆ ಎತಗೊಂಡ ಓಡ್ರಿ," ಎಂದು ಹೇಳಿ, ಬಾಯಿ ತೆರೆದು ಕುಳಿತು ಚಹಾ ಕುಡಿದು ಬಂದೆ.

ಜ್ವರ ಇಳಿಯಲು ಹೊತ್ತು ಹಿಡಿಯಿತು, ಆದರೆ ಇಳಿಯಿತು. ಉಸಿರು ಸುಧಾರಿಸಿತು. ಇವರು ಕಣ್ಣಲ್ಲಿ ನನ್ನನ್ನು ಹಿಂಬಾಲಿಸತೊಡಗಿದರು. ಡಾಕ್ಟರು ಮತ್ತೆ ಚಮಚದಲ್ಲಿ ನೀರು ಕೊಟ್ಟು ನೋಡಿದರು, ಗಂಟಲಿನ ಮೇಲೆ ಬೆರಳಿಟ್ಟು ಕಾದರು. ಗಂಟಲುಗಂಟು ಮೇಲೇರಿ ಇಳಿಯಿತು. ಕೆಮ್ಮು ಬರಲಿಲ್ಲ. ಗಟ್ಟಿಯಾದ ಅಂಬಲಿ ಸ್ವಲ್ಪ ಸ್ವಲ್ಪ ಕೊಡಬಹುದು ಎಂದರು. ನಾನು ಕುಣಿಯುವುದೊಂದು ಬಾಕಿ. ಅಂಬಲಿ ತಂದು ಉಣಿಸಿದೆ. ಎರಡನೆಯ ತುತ್ತಿಗೇ ಕೆಮ್ಮಿದರು. ಇನ್ನೊಮ್ಮೆ ಪ್ರಯತ್ನಿಸಿದೆ, ಇನ್ನೊಮ್ಮೆ ಕೆಮ್ಮಿದರು. ಡಾಕ್ಟರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಇದನ್ನ ಹೇಗೆ ಹೇಳಲಿ ಗೊತ್ತಾಗ್ತಿಲ್ಲ. ಲಕ್ವಾ ಆದವರಲ್ಲಿ ತಾವೇ ತಿನ್ನೋರಿಗಿಂತ ಬೇರೆಯವರ ಕೈಯಿಂದ ತಿನ್ನೋರಿಗೆ ಎದೆಗೆ ಸೋಂಕು ಹೆಚ್ಚು ಆಗುತ್ತೆ. ತನ್ನ ಕೈ ಮೇಲೆ ಬರ್ತಿದೆ ಅಂತ ಗೊತ್ತಾದಾಗ ಗಂಟಲು ತಯಾರಾಗುತ್ತೆ. ಬೇರೆಯವರ ಕೈ ಯಾವಾಗ ಬರುತ್ತೋ ಅದಕ್ಕೆ ತಿಳಿಯಲ್ಲ. ಹುಷಾರಿದ್ದವರು ಹೇಗೋ ಸಂಭಾಳಿಸ್ತಾರೆ. ಇವರ ಗಂಟಲಿಗೆ ಈಗ ಅದು ಆಗಲ್ಲ."

"ಹಂಗಂದ್ರ ಏನ್ ಮಾಡ್ಬೇಕ್ರಿ?"

"ಇವರೇ ತಿನ್ನಬೇಕು. ಈ ಊರಲ್ಲಿ ತನ್ನ ಬಾಯಿ ಮುಟ್ಟೋ ಕೈ ಇರೋದು ಇವರೊಬ್ಬರಿಗೇ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಗು ಬಂತು, ಹೆದರಿಕೆಯೂ ಬಂತು. ಸತ್ತ ಕೈಯಿಂದ ಉಣಿಸಬೇಕು. ದ್ಯಾಮವ್ವನನ್ನು ಒಳಗೆ ಕರೆದು ಹೇಳಿದೆ, ಬೇಡವೆನ್ನುವಳು ಎಂದುಕೊಂಡಿದ್ದೆ. ಆಕೆ ತಮ್ಮನ ಎದೆ ಏರಿ ಇಳಿಯುವುದನ್ನು ನೋಡಿ, "ಹಾಲು ಕುಡಿಸಿದ ಕೈ ನಂದು. ಇದರಾಗ ನಾ ಮಾತಾಡಂಗಿಲ್ಲ. ನೀ ಹೆಂಗಂತಿ ಹಂಗ," ಎಂದಳು. ಆದರೂ ಗೋಡೆಯ ಕಡೆ ತಿರುಗಿ ನಿಂತಳು.

ಬಲ ಅಂಗೈಗೆ ಚಮಚವನ್ನು ಬಟ್ಟೆಯಿಂದ ಕಟ್ಟಿದೆ. ಗಲ್ಲ ಕೆಳಗೆ ಬಾಗುವಂತೆ ಕೂರಿಸಿದೆ. ಚಮಚದಲ್ಲಿ ಅಂಬಲಿ ತುಂಬಿ, ಮೊಣಕೈ ಹಿಡಿದು, ಅವರಿಗೆ ಕಾಣುವಂತೆ ನಿಧಾನವಾಗಿ ಎತ್ತಿದೆ. ಅವರ ಕಣ್ಣು ಚಮಚದ ಜೊತೆ ಮೇಲೆ ಬಂತು. ಕೈ ಹೋಗಿ ಬಾಯಿ ಮುಟ್ಟಿತು. ತುಟಿ ಮುಚ್ಚಿತು. ನುಂಗಿದರು. ಕೆಮ್ಮಲಿಲ್ಲ. ಇನ್ನೊಂದು ಎತ್ತಿದೆ, ಅದನ್ನೂ ನುಂಗಿದರು. ಬಟ್ಟಲು ಖಾಲಿಯಾಗುವಷ್ಟರಲ್ಲಿ ದ್ಯಾಮವ್ವ ತಿರುಗಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಹೀಗೆ ನಮ್ಮೂರಿನಲ್ಲಿ ತನ್ನ ಕೈಯಿಂದ ತಾನೇ ಉಣ್ಣುವ ಒಬ್ಬನೇ ಮನುಷ್ಯನನ್ನು ನಾನು ಮನೆಗೆ ಕರೆದುಕೊಂಡು ಬಂದೆ. ಜನ ಕಿಟಕಿಯಲ್ಲಿ ಇಣುಕಿದರು. ಸತ್ತವನು ಉಣ್ಣುತ್ತಾನೆ ಎಂದು ಕೆಲವರು, ಪವಾಡ ಎಂದು ಕೆಲವರು. ಊರಿನ ಹಿರಿಯರು ಬಂದು, ಇವನನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂದು ಕೇಳಿದರು. ದಿನಾ ನನ್ನ ಕೂಡ ಜಗಳ ಮಾಡುವವರ ಲೆಕ್ಕಕ್ಕೆ ಸೇರಿಸಿ ಎಂದೆ. ಅದು ಪೂರ್ತಿ ನಿಜವಲ್ಲ. ಜಗಳವಾಡುವಷ್ಟು ಮಾತು ಅವರಿಗೆ ಇನ್ನೂ ಬಂದಿರಲಿಲ್ಲ. 'ಹೂಂ', 'ನೀರು', 'ಅಕ್ಕ', ಇಷ್ಟೇ. ಗುಳಿಗೆ ಕೊಟ್ಟ ಮೇಲೆ ಬಾಯಿ ತೆರೆಸಿ ದವಡೆಯ ಮೂಲೆ ಮೂಲೆ ನೋಡುತ್ತಿದ್ದೆ. ಬಿಡುವಾದಾಗಲೆಲ್ಲ ಆ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಳೆ ತೊಡಿಸುವ ಮೊದಲು ಕೈ ಮೆದು ಮಾಡುತ್ತೇವಲ್ಲ ಹಾಗೆ, ಒಂದೊಂದು ಬೆರಳನ್ನೂ ಹಿಚುಕಿ ಸವರುತ್ತಿದ್ದೆ. ಹಿಚುಕಿದಷ್ಟೂ ಜಾರುತ್ತಿತ್ತು. ಇದ್ದರೆ ಇರಲಿ ಹೀಗೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮನು‍ಷ್ಯ ಉಳಿದಿದ್ದಾರೆ, ಕೈ ತೆಗೆದುಕೊಂಡು ಏನು ಮಾಡಲಿ?

ಒಂದು ಬೆಳಿಗ್ಗೆ ಎಂದಿನಂತೆ ಅಂಬಲಿ ಮಾಡಿ, ಚಮಚ ಕಟ್ಟಿ, ಮೊಣಕೈ ಹಿಡಿದು ಎತ್ತಿದೆ. ಕೈ ಎದೆಯ ಮಟ್ಟಕ್ಕೆ ಬಂತು, ಗಲ್ಲದ ಮಟ್ಟಕ್ಕೆ ಬಂತು, ಅಲ್ಲಿ ಸಿಕ್ಕಿಕೊಂಡಿತು. ತೋಳಿನ ಬಟ್ಟೆ ಎಲ್ಲೋ ಎಳೆದಿದೆ ಎಂದುಕೊಂಡು ಸಡಿಲಿಸಿದೆ. ಮತ್ತೆ ಎತ್ತಿದೆ, ಮತ್ತೆ ಅಲ್ಲೇ ನಿಂತಿತು. ಕೀಲು ಬಿಗಿಯಿತೇನೋ ಎಂದು ನನಗೆ ಗಾಬರಿ. ಉಣ್ಣದಿದ್ದರೆ ಹೇಗೆ, ನಾನು ಉಣಿಸಿದರೆ ಮತ್ತೆ ಕೆಮ್ಮು ಬಂದರೆ ಹೇಗೆ ಎಂದು ಎರಡೂ ಕೈ ಹಾಕಿ ನೂಕಿದೆ. ಮೊಣಕೈ ನನ್ನ ಅಂಗೈಗೆ ಎದುರಾಗಿ ಒತ್ತಿತು.

"ನೂಕಬ್ಯಾಡ," ಎಂದರು ನಮ್ಮವರು.

ಬಿದ್ದ ಮೇಲೆ ಅವರು ಆಡಿದ ಮೊದಲ ಪೂರಾ ಮಾತು ಅದು. ಅದು ನನಗೆ ಹೊಳೆಯಲೂ ಇಲ್ಲ. "ನೂಕಬ್ಯಾಡ ಅಂದ್ರ ಹೆಂಗ, ಉಣ್ಣಾಕ ಬ್ಯಾಡೇನು?" ಎಂದು ಗದರಿದೆ.

ಅವರು ಕೈಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ತುಟಿಯ ಒಂದು ಪಾಲು ನಕ್ಕಿತು, ಇನ್ನೊಂದು ಪಾಲು ಹಿಂದಿನಿಂದ ಬರಲು ಒದ್ದಾಡಿತು.

"ನೂಕಬ್ಯಾಡ, ನೀಲಾ. ಅದು ನಂದು."

ನಾನು ಮೊಣಕೈ ಬಿಟ್ಟೆ. ಕೈ ಕೆಳಗೆ ಬೀಳಲಿಲ್ಲ.